ಐರ್ಲೆಂಡಿನ ಹಳ್ಳಿ ಪಬ್ಬಿನಲ್ಲಿ ಸ್ಟೌಟ್ (ಕಪ್ಪು ಬಿಯರ್) ಸುರಿಯುವ ಕ್ರಮ

ಲೋಟಕ್ಕೆ ಜಿಡ್ಡು ಸೋಕಿರಬಾರದು; ಸೋಕಿದ್ದರೆ ನೊರೆ ನಿಲ್ಲದು. 568 ಮಿ.ಲೀ. ಪಿಂಟ್ ಲೋಟವನ್ನು 45 ಡಿಗ್ರಿ ಓರೆ ಹಿಡಿದು, ಬಿಯರ್ ನಲ್ಲಿಯ ಹಿಡಿಯನ್ನು ನಿಮ್ಮತ್ತ ಪೂರ್ತಿ ಎಳೆಯಿರಿ. ಮುಕ್ಕಾಲು ತುಂಬುತ್ತಲೇ ಕೌಂಟರ್ ಮೇಲಿಟ್ಟು ಸುಮಾರು 2 ನಿಮಿಷ ಮುಟ್ಟದೆ ಬಿಡಿ. ನೈಟ್ರೋಜನ್ ಗುಳ್ಳೆಗಳು ಗಾಜಿನಂಚಿನಲ್ಲಿ ಕೆಳಗಿಳಿದಂತೆ ಕಾಣುತ್ತವೆ, ಕಂದು ಬಣ್ಣ ಕಪ್ಪಾಗಿ ಮೇಲೆ ಕೆನೆ ಕಟ್ಟುತ್ತದೆ. ಅವಸರ ಮಾಡಿದರೆ ನೊರೆ ದೊಡ್ಡದಾಗಿ ಉಕ್ಕುತ್ತದೆ.

ಈ ಬಿಡುವು ದಂಡವಲ್ಲ. ಯಾರ ಹಸು ಈದಿದೆ, ಯಾರನ್ನು ಮನೆಗೆ ಬಿಟ್ಟುಬರಬೇಕು, ಎಲ್ಲ ವಿಚಾರಿಸಲು ಮಾಲೀಕರಿಗೆ ಇದೇ ಹೊತ್ತು. ಕೆಲವು ಪಬ್ಬುಗಳಲ್ಲಿ ಪಕ್ಕದಲ್ಲೇ ದಿನಸಿ ಕೌಂಟರೂ ಇರುತ್ತದೆ.

ಬಳಿಕ ನಲ್ಲಿಯ ಹಿಡಿಯನ್ನು ನಿಮ್ಮಿಂದ ಆಚೆಗೆ ದೂಡಿ, ನಿಧಾನವಾಗಿ ಅಂಚಿನವರೆಗೆ ತುಂಬಿ.

ಹಳ್ಳಿಯ ನಿಜವಾದ ತೊಂದರೆ ವ್ಯಾಪಾರವಿಲ್ಲದ ವಾರದ ದಿನಗಳು. ರಾತ್ರಿಯಿಡೀ ಪೈಪಿನಲ್ಲಿ ನಿಂತ ಬಿಯರ್ ರುಚಿಗೆಡುತ್ತದೆ. ಮೊದಲ ಲೋಟ ಚೆಲ್ಲಿಬಿಡಿ, ಪೈಪನ್ನು ವಾರಕ್ಕೊಮ್ಮೆ ತೊಳೆಯಿರಿ.