ಗೋಡೆಯ ಆಚೆಗಿನ ಕ್ಲಾಸು

ನಮ್ಮ ಚರ್ಚ್ ಸಭೆಯಲ್ಲಿ ನಾನು 11 ವರ್ಷದಿಂದ ಸಂಡೇ ಸ್ಕೂಲ್ ಟೀಚರ್. ನನ್ನ ಕ್ಲಾಸಿನಲ್ಲಿ 8 ಮಕ್ಕಳು. ಗೋಡೆಯ ಆಚೆ ಗೆಳತಿಯ ಕ್ಲಾಸು, ಅಲ್ಲಿ 30 ಮಕ್ಕಳು. ಅವಳು ಗಿಟಾರ್ ನುಡಿಸುತ್ತಾಳೆ. ಕಥೆ ಹೇಳಿದರೆ ದೊಡ್ಡವರೂ ಬಾಗಿಲಲ್ಲಿ ನಿಂತು ಕೇಳುತ್ತಾರೆ. ನನಗೆ ರಾಗ ಹಿಡಿಯೋಕೂ ಬರಲ್ಲ.

ಒಂದು ಸಲ ಕ್ರಿಸ್ಮಸ್‌ಗೆ ಮುಂಚೆ ಕಂಠಪಾಠ ಸ್ಪರ್ಧೆ ಇತ್ತು. ಮೂರೂ ಬಹುಮಾನ ಅವಳ ಮಕ್ಕಳಿಗೇ ಬಂದವು. ನಾನೂ ಚಪ್ಪಾಳೆ ತಟ್ಟಿದೆ, ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅಲ್ಲಿಂದ ಭಾನುವಾರ ಬಂತೆಂದರೆ ಮೊದಲ ಕೆಲಸ, ಅವಳ ಬಾಗಿಲ ಮುಂದಿನ ಚಪ್ಪಲಿ ಎಣಿಸುವುದು. ಪಾಠ ಹೇಳುವಾಗಲೂ ಕಿವಿ ಗೋಡೆಯ ಆಚೆಗೇ.

ಸೇವೆ ಬಿಟ್ಟುಬಿಡುತ್ತೇನೆ ಎಂದು ನಮ್ಮ ಪಾದ್ರಿ ಅಯ್ಯನವರಿಗೆ ಹೇಳಿದೆ. ಅವರು ಕಪಾಟಿನಿಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ತೆಗೆದು ಮೇಜಿನ ಮೇಲಿಟ್ಟರು. "ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ ಈ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಇದು ಅಚ್ಚಾದದ್ದು 1894ರಲ್ಲಿ. ಜೊತೆಯವರು ಸಂತೆ, ಜಾತ್ರೆಯಲ್ಲಿ ನಿಂತು ಸುವಾರ್ತೆ ಸಾರುತ್ತಿದ್ದ ಕಾಲ ಅದು. ಇವರಿಗೆ ಸಿಕ್ಕಿದ್ದು ಪದ ಕೂಡಿಸುವ ಕೆಲಸ. ಮನೆಗೆ ಹೋಗಿ ಬೈಬಲಿನ ಮತ್ತಾಯ 25ನೇ ಅಧ್ಯಾಯ ಇನ್ನೊಂದು ಸಲ ಓದಮ್ಮ" ಅಂದರು.

ಅಲ್ಲಿರುವ ತಲಾಂತಿನ ಸಾಮ್ಯವನ್ನು, ಅಂದರೆ ಧಣಿಯೊಬ್ಬ ಒಬ್ಬ ಆಳಿಗೆ ಐದು, ಇನ್ನೊಬ್ಬನಿಗೆ ಎರಡು ತಲಾಂತು ಹಣ ಕೊಟ್ಟು ಆಮೇಲೆ ಲೆಕ್ಕ ಕೇಳುವ ಕಥೆಯನ್ನು, ನಾನೇ ಎಷ್ಟು ಸಲ ಪಾಠ ಮಾಡಿದ್ದೆ! ಆದರೆ 21ನೇ ವಚನ, 23ನೇ ವಚನ ಎರಡನ್ನೂ ಜೊತೆಗಿಟ್ಟು ನೋಡಿರಲಿಲ್ಲ. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಧಣಿ ಹೇಳುವುದು ಒಂದೇ ಮಾತು. ಆ 'ಭಲಾ' ಇಬ್ಬರಿಗೂ ಸಮ. ನೀನ್ಯಾಕೆ ಐದು ತರಲಿಲ್ಲ ಎಂದು ಎರಡನೆಯವನನ್ನು ಕೇಳಲೇ ಇಲ್ಲ. ಬೈಬಲ್ ತೊಡೆಯ ಮೇಲಿಟ್ಟುಕೊಂಡು ತುಂಬಾ ಹೊತ್ತು ಅತ್ತೆ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಚಪ್ಪಲಿ ಕಣ್ಣಿಗೆ ಬೀಳದಿರಲಿ ಎಂದು ಹಿಂದಿನ ಗೇಟಿನಿಂದ ಬರತೊಡಗಿದೆ. ಶನಿವಾರ ರಾತ್ರಿ ಹಾಜರಿ ಪುಸ್ತಕ ತೆರೆದು, 8 ಹೆಸರನ್ನೂ ಒಂದೊಂದಾಗಿ ಹೇಳಿ ಪ್ರಾರ್ಥಿಸಿದೆ. ಒಂಬತ್ತನೆಯದು ಗೆಳತಿಯ ಹೆಸರು. ಮೊದಮೊದಲು ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೊಟ್ಟೆಕಿಚ್ಚು ಹೋದ ಮೇಲೆ ಪ್ರಾರ್ಥಿಸೋಣ ಅಂದುಕೊಂಡಿದ್ದರೆ ಇವತ್ತಿಗೂ ಪ್ರಾರ್ಥಿಸುತ್ತಿರಲಿಲ್ಲ. ಕಿಚ್ಚು ಇರುವಾಗಲೇ ಹೇಳಿದೆ. ಎಷ್ಟೋ ತಿಂಗಳಾದ ಮೇಲೆ ಒಂದು ಶನಿವಾರ ಆ ಹೆಸರು ಸಲೀಸಾಗಿ ಬಂತು.

ಹಾಗೆ ಹೆಸರು ಹೇಳುವಾಗಲೇ ಗೊತ್ತಾಯಿತು, ಒಬ್ಬ ಹುಡುಗನ ಬಗ್ಗೆ ನನಗೆ ಏನೇನೂ ತಿಳಿದಿಲ್ಲ ಅಂತ. ಮಾತು ತೊದಲುತ್ತದೆ ಎಂದು ಅವನನ್ನು ಸ್ಪರ್ಧೆಗೇ ಸೇರಿಸಿರಲಿಲ್ಲ. ಅದು ನನ್ನ ತಪ್ಪು. ಈಗ ಉಳಿದವರು ಹೋದ ಮೇಲೆ ಅವನ ಜೊತೆ ಹತ್ತು ನಿಮಿಷ ಕೂರುತ್ತೇನೆ. ಕಲಿಯುತ್ತಿರುವುದು 23ನೇ ಕೀರ್ತನೆ, ಆರೇ ವಚನ. "ಯೆಹೋವನು ನನಗೆ ಕುರುಬನು" ಅನ್ನಲು ಮೂರು ಭಾನುವಾರ ಹಿಡಿಯಿತು. ಬೆರಳನ್ನು ಅಕ್ಷರದ ಮೇಲೆ ಒತ್ತಿ, ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ ಹೇಳುತ್ತಾನೆ.

ಈಗ ನಾಲ್ಕನೇ ವಚನಕ್ಕೆ ಬಂದಿದ್ದೇವೆ. 'ಕಾರ್ಗತ್ತಲಿನ' ಅನ್ನುವಲ್ಲಿ ಅವನ ನಾಲಿಗೆ ನಿಲ್ಲುತ್ತದೆ. ನಾನು ಹೇಳಿಕೊಡುವುದಿಲ್ಲ, ಸುಮ್ನೆ ಕಾಯುತ್ತೇನೆ. ಹೋದ ವಾರ ಆಚೆಯಿಂದ ಗಿಟಾರ್ ಕೇಳಿಸುತ್ತಿತ್ತು. ಅವನು ನನ್ನ ಕೈ ಎಳೆದು, "ಟೀಚರ್, ಇನ್ನೊಂದ್ಸಲ" ಅಂದ.