ಅಮೆರಿಕದಲ್ಲಿ ಆಸ್ಪತ್ರೆ ಬಿಲ್ ಕಟ್ಟಲು ಆಗದಿದ್ದರೆ ಹೀಗೆ ಮಾಡಿ

ಬಿಲ್ ನೋಡಿ ಗಾಬರಿಯಾಗಿ ಕ್ರೆಡಿಟ್ ಕಾರ್ಡ್ ಉಜ್ಜಬೇಡಿ, ಆಮೇಲೆ ಬಡ್ಡಿಯೂ ಸೇರಿಕೊಳ್ಳುತ್ತದೆ.

ಮೊದಲು ಅದು ಲಾಭರಹಿತ ಆಸ್ಪತ್ರೆಯಾ ಅಂತ ನೋಡಿ. ತೆರಿಗೆ ವಿನಾಯಿತಿ ಪಡೆಯುವ ಇಂಥ ಆಸ್ಪತ್ರೆಗಳು, ಕಡಿಮೆ ಆದಾಯದವರ ಬಿಲ್ ಇಳಿಸಲು ಅಥವಾ ಮನ್ನಾ ಮಾಡಲು ಲಿಖಿತ ನಿಯಮ ಇಟ್ಟುಕೊಳ್ಳಲೇಬೇಕು ಅಂತ 2010ರ ಅಫೋರ್ಡಬಲ್ ಕೇರ್ ಆಕ್ಟ್ ಎಂಬ ಆರೋಗ್ಯ ಕಾಯ್ದೆ ಹೇಳುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಅದೇ ಬೇಜಾರು. ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ, ಫೈನಾನ್ಶಿಯಲ್ ಅಸಿಸ್ಟೆನ್ಸ್ (ಹಣಕಾಸಿನ ನೆರವು) ಅರ್ಜಿ ಬೇಕು ಅಂತ ನೇರವಾಗಿ ಕೇಳಿ. ನಾಚಿಕೆ ಬೇಡ, ಕೇಳುವುದು ನಿಮ್ಮ ಹಕ್ಕು. ಸಂಬಳದ ಚೀಟಿ, ತೆರಿಗೆ ರಿಟರ್ನ್ ಜೊತೆಗಿಡಿ.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಬಿಲ್‌ನಿಂದ 240 ದಿನದವರೆಗೆ ಅರ್ಜಿ ಹಾಕಬಹುದು. ಮೊದಲ 120 ದಿನ ಅವರು ಕೋರ್ಟಿಗೆ ಹೋಗುವಂತಿಲ್ಲ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗೆ ನಿಮ್ಮ ಬಾಕಿಯನ್ನು ವರದಿ ಮಾಡುವಂತಿಲ್ಲ. ಆದರೂ ಕಾಯಬೇಡಿ, ಬೇಗ ಹಾಕಿ.

ಜೊತೆಗೆ ಪ್ರತಿ ಖರ್ಚಿನ ವಿವರ ಇರುವ ಬಿಲ್ ತರಿಸಿಕೊಳ್ಳಿ. ಒಂದೇ ಪರೀಕ್ಷೆಗೆ ಎರಡು ಸಲ ದುಡ್ಡು ಹಾಕಿದ್ದಾರಾ ಅಂತ ಸಾಲು ಸಾಲಾಗಿ ನೋಡಿ. ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ಗೂ ಅರ್ಜಿ ಹಾಕಿ, ಅದರ ಆದಾಯ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಫೋನಿನಲ್ಲಿ ಯಾರ ಜೊತೆ ಮಾತಾಡಿದಿರಿ, ಯಾವ ದಿನ, ಎಲ್ಲ ಬರೆದಿಟ್ಟುಕೊಳ್ಳಿ.