ಬಹುದು ಬಹುದು ಅಂತ ಬರೆದವನು ನಾನೇ

ಮುಂಬಯಿಯ ಮಾಟುಂಗಾದಲ್ಲಿ ನಾವೊಂದಿಷ್ಟು ಕನ್ನಡಿಗರು ತಿಂಗಳಿಗೊಮ್ಮೆ ಸೇರುತ್ತೇವೆ. ವಿಜ್ಞಾನದ ವಿಷಯವಿದ್ದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುವ ಕೆಲಸ ನನ್ನದು. ಭೂಮಿಯ ಬಿಸಿ ಏರುತ್ತಿರುವುದರ ಬಗ್ಗೆ 'ಹವಾಮಾನ ಬದಲಾವಣೆ' ಎಂಬ ಹೆಸರಿನಲ್ಲಿ ಮೊದಲ ಸಲ ಮಾತಾಡಿದ ದಿನ, ಹೋಟೆಲ್ ನಡೆಸುವ ಹಿರಿಯರೊಬ್ಬರು ಎದ್ದು, "ಹವಾಮಾನ ಬದಲಾಗದೆ ಇರ್ತದಾ ಮಾರಾಯ್ರೇ? ನಿನ್ನೆ ಮೋಡ, ಇವತ್ತು ಬಿಸಿಲು" ಅಂದರು. ಸಭೆ ನಕ್ಕಿತು, ನಾನೂ ನಕ್ಕೆ.

ವಾಪಸು ಡೊಂಬಿವಲಿ ಲೋಕಲ್‌ನಲ್ಲಿ ನಿಂತಿದ್ದಾಗ, ಠಾಣೆ ದಾಟುವ ಹೊತ್ತಿಗೆ, ತಪ್ಪು ನನ್ನದೇ ಅನ್ನಿಸಿತು. ನಾಳೆ ಮಳೆಯೋ ಬಿಸಿಲೋ ಎನ್ನುವುದೂ ಹವಾಮಾನ, ಮೂವತ್ತು ವರ್ಷಗಳ ಸರಾಸರಿಯೂ ಹವಾಮಾನ. ಶಾಲೆಯ ಭೂಗೋಳದಲ್ಲಿ ಎರಡನೆಯದಕ್ಕೆ 'ವಾಯುಗುಣ' ಎಂಬ ಒಳ್ಳೆಯ ಪದ ಇತ್ತು. ಪತ್ರಿಕೆ ಓದುತ್ತಾ ಓದುತ್ತಾ ನಾನೇ ಅದನ್ನು ಮರೆತಿದ್ದೆ. 'ಬದಲಾವಣೆ' ಅಂತೂ ಬಲು ಸಾಧು ಪದ, ಪಠ್ಯಕ್ರಮವೂ ಬದಲಾಗುತ್ತದೆ, ಅಡುಗೆಭಟ್ಟನೂ ಬದಲಾಗುತ್ತಾನೆ. ಅಮೆರಿಕದ ರಿಪಬ್ಲಿಕನ್ನರಿಗೆ ಮಾತಿನ ಸಲಹೆ ಕೊಡುತ್ತಿದ್ದ ಫ್ರಾಂಕ್ ಲಂಟ್ಜ್ 2002ರ ಸುಮಾರಿಗೆ ಇದನ್ನೇ ಬರೆದುಕೊಟ್ಟಿದ್ದ: 'ಗ್ಲೋಬಲ್ ವಾರ್ಮಿಂಗ್' ಅನ್ನಬೇಡಿ, 'ಕ್ಲೈಮೇಟ್ ಚೇಂಜ್' ಅನ್ನಿ, ಜನಕ್ಕೆ ಹೆದರಿಕೆ ಕಡಿಮೆ, ವಿಜ್ಞಾನಿಗಳಿಗೇ ಖಾತ್ರಿ ಇಲ್ಲ ಎನ್ನುತ್ತಲೇ ಇರಿ. 2019ರಲ್ಲಿ ಸೆನೆಟ್ ಸಮಿತಿಯೊಂದರ ಮುಂದೆ ತನ್ನದು ತಪ್ಪಾಗಿತ್ತು ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಪದ ಊರೆಲ್ಲ ಸುತ್ತಿಯಾಗಿತ್ತು.

ಆ 'ಖಾತ್ರಿ ಇಲ್ಲ' ಎನ್ನುವುದನ್ನು ಕನ್ನಡದಲ್ಲಿ ನಾನು ಪುಕ್ಕಟೆಯಾಗಿ ಹಂಚುತ್ತಿದ್ದೆ. ವಾಯುಗುಣದ ವಿಜ್ಞಾನವನ್ನು ಒಟ್ಟುಗೂಡಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ವರದಿಯಲ್ಲಿ 'ಲೈಕ್ಲಿ' ಅಂದರೆ ಸಾಧ್ಯತೆ ನೂರಕ್ಕೆ 66ರ ಮೇಲೆ, 'ವೆರಿ ಲೈಕ್ಲಿ' ಅಂದರೆ 90ರ ಮೇಲೆ, 'ಎಕ್ಸ್‌ಟ್ರೀಮ್ಲಿ ಲೈಕ್ಲಿ' ಅಂದರೆ 95ರ ಮೇಲೆ. ಒಂದೊಂದಕ್ಕೂ ಅಳತೆ ಇದೆ. ನನ್ನ ಹಾಳೆಯಲ್ಲಿ ಮೂರಕ್ಕೂ ಒಂದೇ ಬಾಲ: ಬಹುದು. 20ನೇ ಶತಮಾನದ ನಡುವಿನಿಂದ ಏರಿದ ಬಿಸಿಗೆ ಮನುಷ್ಯನೇ ಮುಖ್ಯ ಕಾರಣ ಎಂದು 2013ರ ವರದಿ 95ರ ಮೇಲಿನ ಭರವಸೆಯಲ್ಲಿ ಹೇಳಿದ್ದನ್ನು ನಾನು 'ಕಾರಣವಾಗಿರಬಹುದು' ಎಂದು ಬರೆದಿದ್ದೆ. "ಎಲ್ಲಾ ಬಹುದು ಬಹುದು! ನಮ್ಮ ಜ್ಯೋತಿಷಿಯೂ ಹೀಗೇ ಹೇಳ್ತಾನೆ" ಅಂದರು ಹೋಟೆಲಿನವರು. ಈಗ ಬಾಲ ಕತ್ತರಿಸಿ ಅಂಕಿಯನ್ನೇ ಬರೆಯುತ್ತೇನೆ. ಓದಲು ಅಷ್ಟು ಸೊಗಸಿಲ್ಲ, ಇರಲಿ. 2021ರ ವರದಿಯಲ್ಲಿ ಆ ತಾಪತ್ರಯವೇ ಇಲ್ಲ. ಮನುಷ್ಯನ ಕೈವಾಡ ನಿಸ್ಸಂಶಯ ಎಂದೇ ಇದೆ.

ಅವರು ನನ್ನನ್ನು ಸರಿಯಾಗಿ ಹಿಡಿದ ಸಂದರ್ಭವೂ ಉಂಟು. ಮುಂಬಯಿಯನ್ನು ಮುಳುಗಿಸಿದ 2005ರ ಜುಲೈ 26ರ ಮಳೆಯನ್ನು ನಾನು ವಾಯುಗುಣ ಕೆಟ್ಟಿದ್ದಕ್ಕೆ ಸಾಕ್ಷಿಯೆಂಬಂತೆ ಎತ್ತಿದೆ. "ಒಂದು ದಿನದ ಮಳೆ ಮೂವತ್ತು ವರ್ಷದ ಸರಾಸರಿ ಹೇಗಾಯ್ತು?" ಎಂದರು. ನನ್ನ ಪಾಠ ನನಗೇ. ಒಪ್ಪಿಕೊಂಡೆ.

ಮುಂದಿನ ತಿಂಗಳು ಅವರ ಮೊಬೈಲಿನಲ್ಲಿ '1998ರಿಂದೀಚೆಗೆ ಬಿಸಿ ಏರಿಯೇ ಇಲ್ಲ' ಎಂಬ ಹಳೆಯ ಸಂದೇಶ ಬಂದಿತ್ತು. ಆಗ ಅದೇ ಮಳೆ ಬೇರೆ ರೀತಿ ಉಪಯೋಗಕ್ಕೆ ಬಂತು. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ ಬರೀ 73. "ಕೊಲಾಬಾದ ಲೆಕ್ಕ ಮಾತ್ರ ಇಟ್ಟುಕೊಂಡರೆ ಮುಂಬಯಿ ಮುಳುಗಲೇ ಇಲ್ಲ, ಅಲ್ಲವಾ ಅಣ್ಣ?" ಅಂದೆ. 1998 ಬಲವಾದ ಎಲ್ ನಿನೊ ಇದ್ದ ವರ್ಷ, ಅಂದರೆ ಪೆಸಿಫಿಕ್ ಸಾಗರದ ನೀರು ಕಾದು ಲೋಕದ ಬಿಸಿಯನ್ನೂ ತಾತ್ಕಾಲಿಕವಾಗಿ ಏರಿಸಿದ ವರ್ಷ. ಅಂಥ ಉಬ್ಬಿನ ತುದಿಯಿಂದ ಅಳೆಯಲು ಶುರು ಮಾಡಿದರೆ ಮುಂದಿನ ಕೆಲವು ವರ್ಷ ಇಳಿಜಾರಾಗಿಯೇ ಕಾಣುತ್ತವೆ. ಅವರಿಗೆ ಎಲ್ ನಿನೊ ತಲೆಗೆ ಹೋಗಲಿಲ್ಲ, ಕೊಲಾಬಾ ಹೋಯಿತು. ಆ ದಿನ ಅವರು ಕುರ್ಲಾದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದವರು.

ಕಳೆದ ಸಲ ಬ್ಯಾನರಿಗೆ ಹೊಸ ಶೀರ್ಷಿಕೆ ಬೇಕಿತ್ತು. ಹವಾಮಾನವೂ ಬೇಡ, ಬದಲಾವಣೆಯೂ ಬೇಡ ಎಂದು ಬಹಳ ಯೋಚಿಸಿ 'ಭೂಮಿ ಕಾಯುತ್ತಿದೆ' ಎಂದು ಬರೆಸಿದೆ. ಹೋಟೆಲಿನವರು ಬಾಗಿಲಲ್ಲೇ ನಿಂತು ಓದಿ ಕೇಳಿದರು, "ಯಾರಿಗೆ?"